ಗೋಡೆಗೆ ಕೊಟ್ಟ ಕಾಗದ

ದುರ್ಮುಶ್ ಚಿಕ್ಕಪ್ಪ ನೆಲದ ಮೇಲೆ ಬರಹವಿರುವ ಕಾಗದ ಕಂಡರೆ ಬಗ್ಗಿ ಎತ್ತುತ್ತಾರೆ. ಧೂಳು ಊದಿ, ತುಟಿಗೆ ತಾಗಿಸಿ, ಹಣೆಗೆ ಒತ್ತಿಕೊಳ್ಳುತ್ತಾರೆ. ಆಮೇಲೆ ಯಾರ ಕಾಲೂ ತಾಗದ ಎತ್ತರದಲ್ಲಿ, ಯಾವುದಾದರೂ ಗೋಡೆಯ ಸಂದಿಯಲ್ಲಿ ಸಿಕ್ಕಿಸಿ ಮುಂದೆ ಹೋಗುತ್ತಾರೆ. ನಮ್ಮ ಊರು ದೆರೆಬಾಶಿಯ ಹಳಬರೆಲ್ಲ ಹೀಗೆಯೇ ಮಾಡುತ್ತಾರೆ. ಆದರೆ ಚಿಕ್ಕಪ್ಪ ಗುಡ್ಡದ ಮೇಲಿನ ಹಾಳು ಪಟ್ಟಣದ ಕಾವಲುಗಾರರು. ಕಣಿವೆಯ ಗಾಳಿ ಮೆಂದೆರೆಸ್ ನದಿಯ ಕಡೆಯಿಂದ ಎತ್ತಿಕೊಂಡು ಬರುವ ಕಾಗದವೆಲ್ಲ ಅಲ್ಲಿನ ಗೂಡುಗೋಡೆಗೆ ಬಡಿದು ಬೀಳುತ್ತದೆ. ಮೂವತ್ತು ವರ್ಷಗಳಿಂದ ಅವರು ಅದನ್ನು ಎತ್ತುತ್ತಿದ್ದಾರೆ. ಎತ್ತಿದ್ದನ್ನೆಲ್ಲ ಅದೇ ಗೋಡೆಗೆ ಕೊಡುತ್ತಿದ್ದಾರೆ.

ಅವರು ನಮ್ಮ ಸ್ವಂತ ಚಿಕ್ಕಪ್ಪನಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಯೆತ್ತರದ ಒಂದು ಕಲ್ಲುಗೋಡೆ ಇದೆ, ಅಷ್ಟೇ. ನಾನು ಬರೆಯುತ್ತಿರುವುದರಲ್ಲಿ ಕೆಲವನ್ನು ಕಣ್ಣಾರೆ ಕಂಡೆ. ಕೆಲವನ್ನು ಅವರೇ ಹೇಳಿದರು. ಕಡೆಯ ಭಾಗವನ್ನು ಸೆಹೆರ್ ಚಿಕ್ಕಮ್ಮ ಆ ಕಲ್ಲುಗೋಡೆಯ ಮೇಲೆ ಕೈಯೂರಿಕೊಂಡು ನಮ್ಮ ಅಮ್ಮನಿಗೆ ಹೇಳಿದ್ದು. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಚಿಕ್ಕಪ್ಪನಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲ. ಮೂರನೆಯದಾದರೂ ನಿಲ್ಲಲಿ ಎಂದು ಅವರ ತಾಯಿ ದುದು ಅಜ್ಜಿ 'ನಿಂತವನು' ಎಂಬ ಅರ್ಥದ ಈ ಹೆಸರು ಇಟ್ಟರಂತೆ. ನಿಂತದ್ದೇನೋ ನಿಂತರು, ಆದರೆ ಶಾಲೆಗೆ ಹೋಗಲಿಲ್ಲ. ಆಡು ಮೇಯಿಸಿದರು, ಅಂಜೂರ ಕೊಯ್ದರು, ಇಪ್ಪತ್ತನೇ ವಯಸ್ಸಿಗೆ ಎಲ್ಲರಂತೆ ಸೈನ್ಯಕ್ಕೆ ಹೋದರು. ಅಲ್ಲಿ ಓದು ಬಾರದವರನ್ನು ಸಂಜೆ ಬೆಂಚಿನ ಮೇಲೆ ಕೂರಿಸಿ ಅಕ್ಷರ ಕಲಿಸುತ್ತಿದ್ದರಂತೆ. ಅಚ್ಚಿನ ಅಕ್ಷರವನ್ನು ಒಂದೊಂದಾಗಿ ಗುರುತು ಹಿಡಿಯುವಷ್ಟು ಕಲಿತರು. ಬಸ್ಸಿನ ಹಲಗೆ ಓದುತ್ತಾರೆ. ಕೈಬರಹ ಮಾತ್ರ ಇಂದಿಗೂ ಅವರಿಗೆ ಇರುವೆಯ ಸಾಲು.

ಗೂಡುಗೋಡೆ ಎಂದು ನಾವು ಕರೆಯುವುದು ಹಳೆಯ ಪುಸ್ತಕಮನೆಯ ಉಳಿದ ಗೋಡೆಯನ್ನು. ರೋಮಿನವರ ಕಾಲದ್ದು. ಆಳೆತ್ತರದ ಹದಿನಾರು ಗೂಡುಗಳಿವೆ, ಎಂಟು ಕೆಳಗೆ, ಎಂಟು ಮೇಲೆ. ಮೇಲಿನವುಗಳಲ್ಲಿ ಮೂರು ಮುರಿದಿವೆ. ಪುಸ್ತಕಮನೆ ಎಂದು ಊರಿಗೆ ಗೊತ್ತಾದದ್ದು ವಿಶ್ವವಿದ್ಯಾಲಯದ ಬೆಲ್ಕಿಸ್ ಹೊಜಾ, ಎಂದರೆ ಬೆಲ್ಕಿಸ್ ಮೇಡಂ, ಅಗೆಯಲು ಬಂದ ಮೇಲೆ, ಹನ್ನೊಂದು ಬೇಸಿಗೆಗಳ ಹಿಂದೆ. ಅದಕ್ಕೆ ಮೊದಲು ಅದು ಆಡು ಕೂಡುವ ಜಾಗ. ಹೊಜಾ ಮೊದಲ ವರ್ಷ ಚಿಕ್ಕಪ್ಪನನ್ನು ಗೋಡೆಯ ಮುಂದೆ ನಿಲ್ಲಿಸಿ, ಈ ಗೂಡುಗಳಲ್ಲಿ ಮರದ ಕಪಾಟುಗಳಿದ್ದವು, ಕಪಾಟಿನಲ್ಲಿ ಸುರುಳಿ ಪುಸ್ತಕಗಳಿದ್ದವು, ಊರಿನ ಯಾರು ಬೇಕಾದರೂ ಬಂದು ಓದಬಹುದಿತ್ತು ಎಂದು ವಿವರಿಸಿದರಂತೆ.

ಚಿಕ್ಕಪ್ಪ ಕೇಳಿದರು, "ಓದೋಕೆ ಬರದವ್ರು ಬಂದ್ರೆ ಏನ್ ಮಾಡ್ತಿದ್ರು ಹೊಜಾ?"

"ಓದಿ ಹೇಳೋರು ಯಾರಾದ್ರೂ ಇದ್ದಿರಬಹುದು, ದುರ್ಮುಶ್ ಅಣ್ಣ."

"ಒಳ್ಳೆ ದನಿಯವನೇ ಇದ್ದನೋ ಏನೋ," ಎಂದರಂತೆ ಚಿಕ್ಕಪ್ಪ.

ಆ ಮಾತಿನ ಹಿಂದೆ ಏನಿತ್ತು ಎಂದು ಆಗ ಹೊಜಾಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ವಿಷಯ ಮೂವತ್ತೆಂಟು ವರ್ಷ ಹಳೆಯದು. ಚಿಕ್ಕಪ್ಪ ಸೈನ್ಯದಲ್ಲಿದ್ದಾಗ ಸೆಹೆರ್ ಚಿಕ್ಕಮ್ಮನೊಡನೆ ನಿಶ್ಚಿತಾರ್ಥವಾಗಿತ್ತು. ಚಿಕ್ಕಮ್ಮ ಐದನೇ ತರಗತಿಯವರೆಗೆ ಓದಿದವರು, ಅಕ್ಷರ ಮಣಿ ಪೋಣಿಸಿದ ಹಾಗೆ. ಊರಿಗೆ ಬರಲು ಇನ್ನು ನಾಲ್ಕು ತಿಂಗಳಿದೆ ಎನ್ನುವಾಗ ಚಿಕ್ಕಪ್ಪನಿಗೆ ಅವರಿಂದ ಒಂದು ಕಾಗದ ಬಂತು. ಅವರ ಪಾಳೆಯದಲ್ಲಿ ಓದು ಬಾರದವರ ಕಾಗದವನ್ನು ಒಬ್ಬ ಹವಾಲ್ದಾರ ಓದಿ ಹೇಳುತ್ತಿದ್ದ. ಮಂಚದ ಮೇಲೆ ನಿಂತು, ಹೆಣ್ಣು ದನಿ ಮಾಡಿ, ತಲೆಗೆ ಟವೆಲ್ ಹೊದ್ದು ಓದುತ್ತಿದ್ದ. ನಲವತ್ತು ಜನ ನಗುತ್ತಿದ್ದರು. ಚಿಕ್ಕಪ್ಪನೂ ನಕ್ಕಿದ್ದರು, ತಮಗೆ ಕಾಗದ ಬರುವವರೆಗೆ.

ಅವರು ಅದನ್ನು ಹವಾಲ್ದಾರನಿಗೆ ಕೊಡಲಿಲ್ಲ. ಅಂಗಿಯ ಒಳಜೇಬಿನಲ್ಲಿ ಅಂಟು ಬಿಚ್ಚದೆ ನಾಲ್ಕು ತಿಂಗಳು ಇಟ್ಟುಕೊಂಡರು. ಊರಿಗೆ ಬಂದು ತಂಗಿಯ ಕೈಯಲ್ಲಿ ಓದಿಸೋಣವೆಂದರೆ, ತಂಗಿಯ ಬಾಯಲ್ಲಿ ಮಾತು ಜರಡಿಯಲ್ಲಿ ನೀರು. ಮಸೀದಿಯ ಇಮಾಮರಿಗೆ ಕೊಡಲು ನಾಚಿಕೆ. ಹೀಗೆ ಎರಡು ದಿನ ಕಳೆಯುವಷ್ಟರಲ್ಲಿ ನೀರಿನ ಕಟ್ಟೆಯ ಬಳಿ ಚಿಕ್ಕಮ್ಮ ಎದುರಾದರು.

"ನನ್ ಕಾಗದ ಬಂತಾ?" ಎಂದರು.

"ಬಂತು."

"ಓದಿಸ್ದೆಯಾ?"

"ಓದಿಸ್ದೆ."

"ಏನಂತೀಯ?"

ಚಿಕ್ಕಪ್ಪ "ಸರಿ" ಎಂದರು. ಚಿಕ್ಕಮ್ಮ ಕೆಂಪಗಾಗಿ, ಕೊಡ ಅರ್ಧ ತುಂಬಿದ್ದಾಗಲೇ ಎತ್ತಿಕೊಂಡು ಹೋದರು. ಅಷ್ಟಕ್ಕೇ ಮುಗಿಯಿತು.

ಅಲ್ಲಿಂದ ಮುಂದೆ ಆ ಕಾಗದವನ್ನು ಯಾರಿಂದಲೂ ಓದಿಸುವಂತಿರಲಿಲ್ಲ, ಮನೆಯಲ್ಲಿಟ್ಟರೆ ಯಾರಾದರೂ ಮುಚ್ಚಿದ ಅಂಟು ನೋಡಬಹುದು. ಸುಡೋಣವೆಂದರೆ ಬರಹ ಸುಡುವುದು ಪಾಪ. ಹಾಗಾಗಿ ಒಂದು ದಿನ ಗುಡ್ಡ ಹತ್ತಿ, ತುಟಿಗೆ, ಹಣೆಗೆ ತಾಗಿಸಿ, ಗೂಡುಗೋಡೆಯೊಳಗೆ ಬಿಟ್ಟರು. ಒಳಗೆ ಎಂದರೆ ನಿಜವಾಗಿಯೂ ಒಳಗೆ. ಅದು ಒಂದು ಗೋಡೆಯಲ್ಲ, ಎರಡು. ಗೂಡುಗಳಿರುವ ಒಳಗೋಡೆಗೂ ಹೊರಗೋಡೆಗೂ ನಡುವೆ ಒಂದು ಗೇಣಿನಷ್ಟು ಖಾಲಿ ಸಂದಿ ಇದೆ. ಮೇಲಿನ ಕಲ್ಲು ಬಿದ್ದಿರುವ ಕಡೆ ಕೈ ಹಾಕಬಹುದು. ಅಲ್ಲಿಂದ ಬಿಟ್ಟರು. ಅದು ಕೆಳಗೆ ಹೋಗುವ ಸದ್ದು ಕೇಳಿಸಿತಂತೆ, ಒಣ ಎಲೆ ಉದುರಿದಂತೆ.

ಮದುವೆಯಾಯಿತು, ಮಕ್ಕಳಾದವು. ತಂದೆಯ ಕಾವಲು ಕೆಲಸ ಚಿಕ್ಕಪ್ಪನಿಗೆ ಬಂತು. ಒಂದು ಸಲ, ಒಂದೇ ಒಂದು ಸಲ, ಯಾವುದೋ ಜಗಳದಲ್ಲಿ ಚಿಕ್ಕಮ್ಮ, "ಕಾಗದದಲ್ಲಿ ಬರೆದು ಕೇಳ್ಕೊಂಡೆ, ಅದನ್ನೂ ನೀನು ಮಾಡ್ಲಿಲ್ಲ," ಎಂದು ಹೇಳಿ ತಟ್ಟನೆ ಸುಮ್ಮನಾದರಂತೆ. ಏನು ಕೇಳಿಕೊಂಡಿದ್ದೆ ಎಂದು ಕೇಳುವ ಹಾಗಿಲ್ಲ. ಕೇಳಿದರೆ ಸುಳ್ಳು ಹೊರಬೀಳುತ್ತದೆ. ಆ ದಿನದಿಂದ ಚಿಕ್ಕಪ್ಪನ ಮನಸ್ಸಿನಲ್ಲಿ ಅದೊಂದು ಮುಳ್ಳು. ಹೆಂಡತಿ ಏನೋ ಕೇಳಿದ್ದಾಳೆ, ತಾನು ಸರಿ ಎಂದಿದ್ದೇನೆ, ಮಾಡಿಲ್ಲ, ಏನೆಂದೂ ಗೊತ್ತಿಲ್ಲ.

ಚಿಕ್ಕಮ್ಮನ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಬೇಕು. ಅವರಿಗೆ ಎಡಗಿವಿ ಕೇಳಿಸುವುದಿಲ್ಲ. ಈಗ ಇದು ಊರಿಗೆಲ್ಲ ಗೊತ್ತು. ಗೊತ್ತಾದದ್ದು ದುದು ಅಜ್ಜಿ ತೀರಿಕೊಂಡ ಮರುವರ್ಷ, ಆರೋಗ್ಯ ಕೇಂದ್ರದ ನರ್ಸ್ ಬಂದು ಎಲ್ಲರ ಕಿವಿ ಪರೀಕ್ಷೆ ಮಾಡಿದಾಗ. ಅದಕ್ಕೆ ಮೊದಲು ಹನ್ನೆರಡು ವರ್ಷ ದುದು ಅಜ್ಜಿ ನೀರಿನ ಕಟ್ಟೆಯಲ್ಲಿ ಹೆಂಗಸರಿಗೆಲ್ಲ, "ನಮ್ಮನೆಗೆ ಪಾಷಾನ ಮಗಳು ಬಂದಿದ್ದಾಳೆ ಕಣ್ರೇ. ಮೂರು ಸಲ ಕರೆದ್ರೆ ಒಂದು ಸಲ ತಿರುಗ್ತಾಳೆ," ಎಂದು ಹೇಳುತ್ತಿದ್ದರಂತೆ. ಪಾಷಾ ಎಂದರೆ ದೊಡ್ಡ ಸರದಾರ. ಇದು ನಮ್ಮ ಅಮ್ಮ ಹೇಳಿದ್ದು.

ಹೋದ ಚಳಿಗಾಲದಲ್ಲಿ ಭೂಮಿ ಸಣ್ಣಗೆ ನಡುಗಿತು. ಮನೆಗಳಿಗೆ ಏನೂ ಆಗಲಿಲ್ಲ. ಗೂಡುಗೋಡೆ ಮಾತ್ರ ಬಲಗಡೆ ಹೊಟ್ಟೆ ಬಿಟ್ಟಿತು. ಜೂನ್ ತಿಂಗಳಲ್ಲಿ ಬೆಲ್ಕಿಸ್ ಹೊಜಾ ಬಂದು, ಅಳೆದು, ತಲೆ ಅಲ್ಲಾಡಿಸಿ, ಕೆಲಸದವರನ್ನೆಲ್ಲ ಮಲ್ಬೆರಿ ಮರದ ಕೆಳಗೆ ಕೂರಿಸಿ ಹೇಳಿದರು. ಮೇಲಿನ ಸಡಿಲ ಕಲ್ಲುಗಳಿಗೆ ನಂಬರ್ ಹಾಕಿ ಇಳಿಸುವುದು. ನಡುವಿನ ಸಂದಿಯನ್ನು ಪೂರ್ತಿ ಖಾಲಿ ಮಾಡುವುದು. ಆಮೇಲೆ ಎರಡು ಗೋಡೆಗೂ ಕಂಬಿ ಕಟ್ಟಿ, ಸಂದಿಯ ಕೆಳಭಾಗಕ್ಕೆ ಸುಣ್ಣದ ಗಾರೆ ತುಂಬುವುದು. ಖಾಲಿ ಮಾಡಲು ಒಂದು ವಾರ.

"ಒಳಗೆ ಏನೇ ಸಿಗಲಿ, ಚೀಲ, ನಂಬರ್, ಪಟ್ಟಿ," ಎಂದರು ಹೊಜಾ. "ಹಕ್ಕಿಗೂಡು ಸಿಕ್ಕಿದ್ರೂ ಅಷ್ಟೇ."

ಅಗೆತದ ದಿನಗಳಲ್ಲಿ ಎಲ್ಲರಿಗೂ ಅಡುಗೆ ಮಾಡುವವರು ಸೆಹೆರ್ ಚಿಕ್ಕಮ್ಮ. ಆ ಮರದ ಕೆಳಗೇ ಅವರ ಒಲೆ. ಅವರು ಯುಫ್ಕಾ ರೊಟ್ಟಿ ಲಟ್ಟಿಸುತ್ತ, ಬಲಗಿವಿ ಹೊಜಾ ಕಡೆ ಇಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. "ನಮ್ಮೆಜಮಾನ್ರು ತುಂಬಿದ ಕಸ ಎಲ್ಲ ಈಚೆ ಬರುತ್ತೆ ಬಿಡಿ," ಎಂದು ನಕ್ಕರು. ಚಿಕ್ಕಪ್ಪ ನಗಲಿಲ್ಲ. ಅವರ ಕೈಯಲ್ಲಿದ್ದ ಟೀ ತಣ್ಣಗಾಯಿತು.

ಮರುದಿನ ಬೆಳಗ್ಗೆ ಕೆಲಸದವರು ಬರುವುದಕ್ಕೆ ಮೊದಲೇ ಅವರು ಗೋಡೆ ಹತ್ತಿದರು. ಉದ್ದದ ತಂತಿಯ ತುದಿ ಬಾಗಿಸಿ ಸಂದಿಯೊಳಗೆ ಬಿಟ್ಟು ಕೆದಕಿದರು. ಏಳನೇ ಗೂಡಿನ ಹಿಂದೋ ಎಂಟನೆಯದರ ಹಿಂದೋ ನೆನಪಿಲ್ಲ. ತಂತಿಗೆ ಸಿಕ್ಕಿದ್ದು ಒಂದು ಸಕ್ಕರೆ ಪೊಟ್ಟಣ. ಇನ್ನೊಮ್ಮೆ ಬಿಡುವಷ್ಟರಲ್ಲಿ ಕೆಳಗಿನಿಂದ ದನಿ ಬಂತು.

"ದುರ್ಮುಶ್ ಅಣ್ಣ, ಗೋಡೆ ಮುಟ್ಟಿದವರ ಮೇಲೆ ಸೀಟಿ ಊದೋರು ನೀವು. ಈಗ ನಾನು ಊದ್ಲಾ?"

ಬೆಲ್ಕಿಸ್ ಹೊಜಾ ನಿಂತಿದ್ದರು. ಚಿಕ್ಕಪ್ಪ ಇಳಿದು ಬಂದು, ತಂತಿಯನ್ನು ಹಿಂದೆ ಬಚ್ಚಿಟ್ಟುಕೊಂಡು, ತಲೆ ತಗ್ಗಿಸಿ ನಿಂತರು. ಸುಳ್ಳು ಹೇಳೋಣವೆಂದರೆ ಹೇಳಿದ ಒಂದು ಸುಳ್ಳೇ ಸಾಕಾಗಿತ್ತು ಎಂದು ಅವರು ನನಗೆ ಆಮೇಲೆ ಹೇಳಿದರು. ಹವಾಲ್ದಾರನಿಂದ ಹಿಡಿದು ಎಲ್ಲವನ್ನೂ ಹೊಜಾಗೆ ಒಪ್ಪಿಸಿದರು.

ಹೊಜಾ ಕಲ್ಲಿನ ಮೇಲೆ ಕುಳಿತು ಕೇಳಿದರು. ನಗಲಿಲ್ಲ. "ಪಟ್ಟಿಗೆ ಸೇರಿಸದೆ ಏನನ್ನೂ ಕೊಡೋಕಾಗಲ್ಲ ಅಣ್ಣ," ಎಂದರು. "ನಿಮಗೆ ಒಂದು ನಿಯಮ, ಹುಡುಗರಿಗೆ ಒಂದು ನಿಯಮ ಅಂತ ಮಾಡಕ್ಕಾಗಲ್ಲ. ಆದ್ರೆ ಮೇಲೆ ನಿಮ್ಮ ಹೆಸರಿದೆ. ಅಂಟು ಯಾರೂ ಬಿಚ್ಚಲ್ಲ. ನಂಬರ್ ಹಾಕಿದ ಮೇಲೆ ನಿಮ್ಮ ಕೈಗೇ ಕೊಡ್ತೀನಿ. ಓದಿ ಹೇಳಬೇಕು ಅಂದ್ರೆ ಓದ್ತೀನಿ, ಬೇಡ ಅಂದ್ರೆ ಇಲ್ಲ."

"ಸೆಹೆರ್ ನೋಡಬಾರ್ದು ಹೊಜಾ. ಅಂಟು ಹಾಗೇ ಇರೋದನ್ನ ಅವಳು ನೋಡಬಾರ್ದು."

"ನಾನೇ ನಿಂತು ನೋಡ್ಕೋತೀನಿ," ಎಂದರು ಹೊಜಾ.

ಸೋಮವಾರ ಸಂದಿ ತೆಗೆಯಲು ಶುರುವಾಯಿತು. ಮೇಲಿನ ಕಲ್ಲು ಇಳಿಸಿದ ಮೇಲೆ ಒಬ್ಬ ವಿದ್ಯಾರ್ಥಿ, ಓಝಾನ್ ಎಂಬವನು, ಏಣಿಯ ಮೇಲೆ ನಿಂತು ಉದ್ದ ಕೈಯ ಚಿಮಟದಿಂದ ಒಂದೊಂದನ್ನೇ ಎತ್ತುತ್ತಿದ್ದ. ಬುಟ್ಟಿಯಲ್ಲಿಟ್ಟು ಇಳಿಸಿದರೆ, ಅಗೆತದಲ್ಲಿ ಕೂಲಿಗಿದ್ದ ನಾವು ಹೆಂಗಸರು ಮಡಿಕೆಯ ಚೂರುಗಳನ್ನು ತೊಳೆಯುವುದು ಬಿಟ್ಟು ಅದನ್ನು ಕುಂಚದಿಂದ ಒರೆಸಿ ತಟ್ಟೆಯಲ್ಲಿ ಹರಡುತ್ತಿದ್ದೆವು. ರೋಮಿನವರದ್ದು ಒಂದು ಚೂರೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ದೆರೆಬಾಶಿಯದ್ದು. ಗೋಡೆಗೆ ನೇತುಹಾಕುವ ದಿನದರ್ಶಿಯ ಹಾಳೆಗಳು, ಗೊಬ್ಬರದ ಚೀಲದ ಮೇಲಿನ ಚೀಟಿ, ಬಸ್ಸಿನ ಟಿಕೆಟ್ಟು, ಔಷಧದ ಜೊತೆ ಬರುವ ಸಣ್ಣಕ್ಷರದ ಕಾಗದ, ಯಾರದ್ದೋ ಮದುವೆ ಕರೆಯೋಲೆ. ಎಲ್ಲವೂ ಒಣಗಿ ಗರಿಗರಿಯಾಗಿದ್ದವು. ಮೂವತ್ತು ಚಳಿಗಾಲದ ಮಳೆ ಆ ಗುಡ್ಡದ ಮೇಲೆ ಸುರಿದಿದೆ. ಶಾಯಿ ಕದಡಿರಲಿಲ್ಲ.

"ಅದಕ್ಕೇ ಅವರು ಎರಡು ಗೋಡೆ ಕಟ್ಟಿದ್ದು," ಎಂದು ಹೊಜಾ ನಮಗೆ ಹೇಳಿದರು. "ತೇವ ಹೊರಗೋಡೆಗೇ ನಿಲ್ಲಲಿ, ಒಳಗಿನ ಪುಸ್ತಕಕ್ಕೆ ತಾಗದಿರಲಿ ಅಂತ."

"ಹಾಗಾದ್ರೆ ಗೋಡೆ ಇನ್ನೂ ಡ್ಯೂಟಿ ಮೇಲಿದೆ ಹೊಜಾ," ಎಂದ ಓಝಾನ್. "ದುರ್ಮುಶ್ ಅಣ್ಣನ ಹಾಗೆ."

ಸಂಜೆಯ ಟೀ ಹೊತ್ತಿಗೆ ಅವನು ದಿನದ ಪಟ್ಟಿಯನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದ. ಬುಧವಾರ ಸಿಕ್ಕಿದ್ದು ಒಂದು ಗಣಿತದ ಪರೀಕ್ಷೆ ಹಾಳೆ, ಹತ್ತಕ್ಕೆ ಒಂದು ಅಂಕ. ಮೇಲಿದ್ದ ಹೆಸರು ನಮ್ಮ ಊರ ಮುಖ್ಯಸ್ಥ, ಮುಖ್ತಾರ ಹಿಲ್ಮಿಯವರದು. ಗುರುವಾರ ಬೆಳಗ್ಗೆಯೇ ಅವರು ಗುಡ್ಡ ಹತ್ತಿ ಬಂದರು.

"ಊರಿನ ಲೆಕ್ಕವೆಲ್ಲ ನನ್ ಕೈಲಿದೆ ಹೊಜಾ. ಈ ಹಾಳೆ ಹೊರಗೆ ಬಂದ್ರೆ ಹೇಗೆ?"

"ನಂಬರ್ ಹಾಕಾಗಿದೆ ಹಿಲ್ಮಿಯವರೇ. ಇನ್ನು ಅದು ಸಂಶೋಧನೆ."

"ನಿನಗೆ ಒಂದು ಅಂಕ ಕೊಟ್ಟ ಮೇಷ್ಟ್ರು ಕರುಣಾಳು ಕಣೋ," ಎಂದರು ಒಲೆಯ ಮುಂದಿದ್ದ ಚಿಕ್ಕಮ್ಮ. ಎಲ್ಲರೂ ನಕ್ಕರು. ಚಿಕ್ಕಪ್ಪ ಮಾತ್ರ ಏಣಿಯ ಬುಡದಲ್ಲಿ ಬುಟ್ಟಿ ಇಳಿಯುವುದನ್ನೇ ನೋಡುತ್ತ ನಿಂತಿದ್ದರು. ನಾಲ್ಕು ದಿನದಿಂದ ಅವರು ಅಲ್ಲಿಂದ ಕದಲಿರಲಿಲ್ಲ. ಊಟದ ಹೊತ್ತಿಗೂ ಕಣ್ಣು ಅಲ್ಲಿಯೇ.

ಶುಕ್ರವಾರ ಹೊಜಾ ಸುಣ್ಣ ತರಿಸುವ ಕೆಲಸಕ್ಕೆ ಪೇಟೆಗೆ ಹೋಗಿದ್ದರು. ಹತ್ತು ಗಂಟೆಗೆ ಶಾಲೆಯ ಮಕ್ಕಳ ಬಸ್ಸೊಂದು ಬಂತು. ಮಕ್ಕಳು ಕಂಬ ಹತ್ತುತ್ತಾರೆ, ಕಾವಲುಗಾರ ಗೇಟಿನಲ್ಲಿರಲೇಬೇಕು. ಚಿಕ್ಕಪ್ಪ ಹೋದರು. ಅವರು ಹೋದ ಅರ್ಧ ಗಂಟೆಯಲ್ಲಿ ಎಂಟನೇ ಗೂಡಿನ ಹಿಂದಿನಿಂದ ಓಝಾನ್ ಒಂದು ಲಕೋಟೆ ಎತ್ತಿದ. ಹೊಜಾ ಅವನಿಗೆ, ಲಕೋಟೆ ಸಿಕ್ಕರೆ ತೆರೆಯಬೇಡ, ತೆಗೆದಿಡು ಎಂದಷ್ಟೇ ಹೇಳಿದ್ದರು. ಯಾರಿಗೆ ಕಾಣಬಾರದು ಎಂದು ಹೇಳಿರಲಿಲ್ಲ. ಅವನು ಇನ್ನೂರ ಹನ್ನೆರಡು ಎಂದು ಚೀಟಿ ಕಟ್ಟಿ, ತಟ್ಟೆಯಲ್ಲಿಟ್ಟು, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಇಟ್ಟ. ತಟ್ಟೆ ಇಡುವ ಮೇಜು ಮಲ್ಬೆರಿ ಮರದ ಕೆಳಗೆ, ಚಿಕ್ಕಮ್ಮನ ಒಲೆಗೆ ಹತ್ತು ಹೆಜ್ಜೆ.

ನಾನು ಅಲ್ಲಿಯೇ ಇದ್ದೆ, ಆದರೆ ಲಕೋಟೆಯನ್ನು ಗಮನಿಸಲಿಲ್ಲ. ಚಿಕ್ಕಮ್ಮ ಉಪ್ಪಿನ ಡಬ್ಬಿಗೆಂದು ಮೇಜಿನ ಬಳಿ ಬಂದದ್ದು ಕಂಡೆ. ತುಂಬ ಹೊತ್ತು ಅಲ್ಲಿಯೇ ನಿಂತದ್ದು ಕಂಡೆ. ಅವರ ಕೈಗೆಲ್ಲ ಹಿಟ್ಟು ಮೆತ್ತಿತ್ತು. ಸೆರಗಿನಂಥ ತಲೆವಸ್ತ್ರದ ತುದಿಯಿಂದ ಕೈ ಒರೆಸಿಕೊಂಡು, ಕಲ್ಲನ್ನು ಪಕ್ಕಕ್ಕಿಟ್ಟು, ಏನನ್ನೋ ತಿರುಗಿಸಿ ನೋಡಿದರು. ಉಪ್ಪು ತೆಗೆದುಕೊಳ್ಳದೆ ಹೋದರು. ಆ ದಿನದ ಬದನೆಕಾಯಿ ಪಲ್ಯದಲ್ಲಿ ಉಪ್ಪಿರಲಿಲ್ಲ.

ಮಧ್ಯಾಹ್ನ ಎಲ್ಲರಿಗೂ ಬಡಿಸಿದ ಮೇಲೆ ಚಿಕ್ಕಪ್ಪ ಗೇಟಿನಿಂದ ಬಂದರು. ಚಿಕ್ಕಮ್ಮ ಅವರಿಗೆ ಮೂರನೇ ಗೂಡಿನ ನೆರಳಲ್ಲಿ ಬಟ್ಟೆ ಹಾಸಿ ತಟ್ಟೆ ಇಟ್ಟರು. ಪಲ್ಯ, ಆಲಿವ್, ಮಜ್ಜಿಗೆ, ನಾಲ್ಕಾಗಿ ಮಡಚಿದ ಯುಫ್ಕಾ.

"ತಿನ್ನು," ಎಂದರು.

ಚಿಕ್ಕಪ್ಪ ರೊಟ್ಟಿ ಎತ್ತಿದರು. ರೊಟ್ಟಿಯ ಕೆಳಗೆ ಲಕೋಟೆ ಇತ್ತು. ಚೀಟಿ ಸಮೇತ.

"ಯಾರದ್ದು ಇದು?" ಚಿಕ್ಕಮ್ಮ ಕೇಳಿದರು.

"ನಿಂದು."

"ನಂದಲ್ಲ. ನಾನು ಅಂಟಿಸಿ ಕಳಿಸಿದ ಮೇಲೆ ನಿಂದು. ಅಂಟು ನೋಡು. ನನ್ ನಾಲಿಗೆ ತಾಗಿದ ಅಂಟು ಹಾಗೇ ಇದೆ."

ಚಿಕ್ಕಪ್ಪ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು.

"ಓದಿಸ್ದೆ ಅಂದಿದ್ದೆ."

"ಸುಳ್ಳು ಹೇಳ್ದೆ."

"ಸರಿ ಅಂದಿದ್ದೆ."

"ಏನಕ್ಕೆ ಸರಿ ಅಂದೆ ಅಂತ ನನಗೂ ಗೊತ್ತಿಲ್ಲ ಸೆಹೆರ್."

ಮಡಿಕೆ ಚೂರು ತೊಳೆಯುವ ನಾವು ನಾಲ್ಕು ಜನ ಆಚೆ ಬದಿಯಲ್ಲಿ ಕೂತಿದ್ದೆವು. ಎದ್ದು ಹೋದರೆ ಸದ್ದಾಗುತ್ತದೆ, ಕೂತಿದ್ದರೆ ಕೇಳಿಸುತ್ತದೆ. ಕೂತೆವು.

ಚಿಕ್ಕಪ್ಪ ಹವಾಲ್ದಾರನ ವಿಷಯ ಹೇಳಿದರು. ಮಂಚ, ಟವೆಲ್, ಹೆಣ್ಣು ದನಿ, ಎಲ್ಲ. "ನಿನ್ ಮಾತು ಅವನ ಬಾಯಲ್ಲಿ ಬರೋದು ನನಗೆ ಬೇಕಿರಲಿಲ್ಲ," ಎಂದರು. "ಆಮೇಲೆ ನೀನು ಕೇಳ್ದಾಗ, ಓದಿಸಿಲ್ಲ ಅಂದ್ರೆ, ಇವನಿಗೆ ನನ್ ಕಾಗದ ಬೇಡವಾಯ್ತು ಅಂದ್ಕೋತೀಯ ಅಂತ..."

ಚಿಕ್ಕಮ್ಮ ಲಕೋಟೆಯ ಅಂಟಿನ ಮೇಲೆ ಬೆರಳಾಡಿಸಿದರು. ಆಮೇಲೆ ಹೇಳಿದರು, "ಹಾಗಾದ್ರೆ ಆ ಹವಾಲ್ದಾರ ಇದನ್ನ ಓದೇ ಇಲ್ಲ."

"ಮುಟ್ಟೂ ಇಲ್ಲ."

"ಮೂವತ್ತೆಂಟು ವರ್ಷದಿಂದ, ಪೇಟೆ ಬಸ್ಸಲ್ಲಿ ಗೊತ್ತಿಲ್ಲದ ಮೀಸೆಯವನು ಯಾರಾದ್ರೂ ನನ್ನ ನೋಡಿದ್ರೆ, ನನ್ ಕಾಗದ ಓದಿದವನು ಇವನೇ ಇರಬೇಕು ಅಂತ ಮುಖ ಮುಚ್ಕೋತಿದ್ದೆ. ಎಷ್ಟು ಸಲ ಸ್ಟಾಪ್ ಬಿಟ್ಟು ಮುಂದೆ ಇಳಿದಿದ್ದೀನಿ ಗೊತ್ತಾ ನಿನಗೆ?"

ಅವರು ಲಕೋಟೆ ತೆಗೆದುಕೊಂಡು, ಹಿಟ್ಟು ಕೆರೆಯುವ ಅಲಗಿನಿಂದ ಅಂಚು ಬಿಡಿಸಿದರು. ಗೆರೆ ಎಳೆದ ನೋಟ್ ಪುಸ್ತಕದ ಎರಡು ಹಾಳೆ. ಓದಲು ಶುರು ಮಾಡಿದರು. ಎಡಗಿವಿ ಹೋದವರ ದನಿ ಯಾವಾಗಲೂ ಸ್ವಲ್ಪ ಜೋರು, ನಮಗೂ ಕೇಳಿಸಿತು.

ಮೊದಲ ಹಾಳೆ ಪೂರ್ತಿ ಸಲಾಮು. ಆಗಿನ ಕಾಗದಗಳೇ ಹಾಗೆ. ಅಪ್ಪನ ಸಲಾಮು, ಅಮ್ಮ ನಿನ್ನ ಕಣ್ಣಿಗೆ ಮುತ್ತಿಡುತ್ತಾಳೆ, ದೊಡ್ಡಪ್ಪನ ಸಲಾಮು, ಪಕ್ಕದ ಮನೆಯವರ ಸಲಾಮು, ನಿನ್ನ ಜೊತೆಯ ಸೈನಿಕರಿಗೆಲ್ಲ ನಮ್ಮ ಸಲಾಮು. ಆಡು ಎರಡು ಮರಿ ಹಾಕಿದೆ. ಅಲ್ಲಿಯವರೆಗೆ ಓದುತ್ತ ಚಿಕ್ಕಮ್ಮನಿಗೂ ಸ್ವಲ್ಪ ನಗು ಬಂತು. ಎರಡನೇ ಹಾಳೆಗೆ ಬಂದಾಗ ದನಿ ಇಳಿಯಿತು.

"'ಈಗ ಬರೆಯುವುದನ್ನು ಅಪ್ಪ ಅಮ್ಮ ಬರೆಯಬೇಡ ಎಂದಿದ್ದಾರೆ. ಆರು ವರ್ಷದವಳಿದ್ದಾಗ ಜ್ವರ ಬಂದು ನನ್ನ ಎಡಗಿವಿ ಹೋಯಿತು. ನಿನಗೆ ಹೇಳದೆ ನಿಮ್ಮ ಮನೆಗೆ ಬರಲು ನನಗೆ ಮನಸ್ಸಿಲ್ಲ. ಬೇಡವೆಂದರೆ ಉಂಗುರ ಹಿಂದೆ ಕಳಿಸುತ್ತೇನೆ, ನನಗೆ ಸಿಟ್ಟಿಲ್ಲ. ಬೇಕೆಂದರೆ ಒಂದು ಮಾತು ನಡೆಸಿಕೊಡು. ನಿನ್ನ ಅಮ್ಮನಿಗೆ ಇದನ್ನು ನೀನೇ ಹೇಳು. ಅವರ ಮುಂದೆ ನನ್ನ ಬಾಯಿ ಏಳುವುದಿಲ್ಲ. ನೀನು ಹೇಳಿದರೆ ಅವರು ಕೇಳುತ್ತಾರೆ.'"

ಚಿಕ್ಕಮ್ಮ ಹಾಳೆ ಮಡಚಿದರು.

"ಹನ್ನೆರಡು ವರ್ಷ," ಎಂದರು. "ಪಾಷಾನ ಮಗಳು ಅಂದ್ರು. ಸೊಕ್ಕಿನವಳು ಅಂದ್ರು. ಜೋಳ ಬಿಡಿಸೋವಾಗ ನಾನು ಯಾವಾಗ್ಲೂ ನಿಮ್ಮ ಎಡಕ್ಕೇ ಕೂರೋದು, ಬಲಗಿವಿ ನಿಮ್ಮ ಕಡೆ ಇರಲಿ ಅಂತ, ಅದು ಗೊತ್ತಾಗಲ್ವಾ ನಿಮಗೆ ಅಂತ ಕೇಳ್ಬೇಕು ಅನ್ಸೋದು. ಇವನಿಗೆ ಗೊತ್ತಿದೆ, ಆದ್ರೂ ಹೇಳಲ್ಲ, ಅಮ್ಮನಿಗೆ ಹೆದರ್ತಾನೆ, ಹೋಗಲಿ ಪಾಪ ಅಂತ ಸುಮ್ನಿದ್ದೆ. ಪಾಪ ಅಂತ!"

"ಮೊದಲ ವರ್ಷದ ಅಂಜೂರ ಕೊಯ್ಲಲ್ಲಿ ನನಗೆ ಗೊತ್ತಾಯ್ತು," ಎಂದರು ಚಿಕ್ಕಪ್ಪ. "ನಿನ್ ಎಡಗಡೆ ಹಾವು ಅಂತ ಕಿರುಚಿದ್ರೂ ನೀನು ತಿರುಗ್ಲಿಲ್ಲ."

"ಗೊತ್ತಾದ ಮೇಲಾದ್ರೂ ಹೇಳಬಹುದಿತ್ತಲ್ಲ."

"ನೀನು ಯಾರಿಗೂ ಹೇಳಿಲ್ಲ, ಮುಚ್ಚಿಟ್ಟಿದ್ದೀಯ ಅಂದ್ಕೊಂಡೆ. ನಿನ್ ಗುಟ್ಟು. ನಾನ್ಯಾಕೆ ಒಡೆಯಲಿ ಅಂತ."

"ಆ ಗುಟ್ಟನ್ನ ನಾನು ನಿನ್ ಕೈಗೇ ಬರೆದು ಕೊಟ್ಟಿದ್ದೆ," ಎಂದು ಚಿಕ್ಕಮ್ಮ ಎದ್ದರು. ಲಕೋಟೆಯನ್ನು ಒಯ್ದು ಮೇಜಿನ ಮೇಲೆ, ತಟ್ಟೆಯಲ್ಲಿ, ಇನ್ನೂರ ಹನ್ನೊಂದರ ಪಕ್ಕಕ್ಕೇ ಇಟ್ಟು ಮೇಲೆ ಕಲ್ಲು ಇಟ್ಟರು.

ಆ ದಿನ, ಮರುದಿನ, ಅವರು ಚಿಕ್ಕಪ್ಪನೊಡನೆ ಮಾತಾಡಲಿಲ್ಲ. ಹೇಳಬೇಕಾದ್ದನ್ನು ಬೇರೆಯವರಿಗೆ ಹೇಳುತ್ತಿದ್ದರು. "ಓಝಾನ್, ಕಾವಲುಗಾರರಿಗೆ ಹೇಳು, ಮಜ್ಜಿಗೆ ಮುಚ್ಚಿಟ್ಟಿದ್ದೀನಿ ಅಂತ." ಚಿಕ್ಕಪ್ಪ ಮೂರು ಹೆಜ್ಜೆ ಆಚೆ ನಿಂತಿರುತ್ತಿದ್ದರು. "ಕಾವಲುಗಾರರೇ, ಮಜ್ಜಿಗೆ ಇದೆಯಂತೆ," ಎನ್ನುತ್ತಿದ್ದ ಓಝಾನ್, ತಾನು ಮಾಡಿದ್ದಕ್ಕೆ ತಾನೇ ಕುಗ್ಗಿಹೋಗಿ. ಬೆಲ್ಕಿಸ್ ಹೊಜಾ ಪೇಟೆಯಿಂದ ಬಂದು ವಿಷಯ ಕೇಳಿ, ಚಿಕ್ಕಪ್ಪನ ಬಳಿ ಕ್ಷಮೆ ಕೇಳಿದರು. ಚಿಕ್ಕಪ್ಪ, "ನಿಮ್ಮದೇನೂ ಇಲ್ಲ ಹೊಜಾ. ಅವಳು ಕೇಳ್ಕೊಂಡಿದ್ದು ಅಷ್ಟು ಸಣ್ಣದು. ಒಂದು ಮಾತು," ಎಂದರಂತೆ. ಎರಡು ದಿನ ಅವರು ಗೇಟಿನ ಬಳಿ ಕುರ್ಚಿ ಇದ್ದರೂ ನೆಲದ ಮೇಲೆ ಕೂತಿದ್ದನ್ನು ನಾನು ಕಂಡೆ.

ಭಾನುವಾರ ಸಂಜೆ ಹೊಜಾ ಲಕೋಟೆಯ ಅಳತೆ, ಚಿತ್ರ ಎಲ್ಲ ಪಟ್ಟಿಗೆ ಸೇರಿಸಿ ಮುಗಿಸಿ, ಚಿಕ್ಕಮ್ಮನನ್ನು ಕರೆದು ಕೊಟ್ಟರು. "ಮೇಲೆ ಅವರ ಹೆಸರಿದೆ," ಎಂದರು, "ಆದ್ರೆ ಯಾರಿಗೆ ಕೊಡಬೇಕು ಅಂತ ನನಗೆ ಗೊತ್ತಾಗ್ತಿಲ್ಲ ಅಕ್ಕಾ." ಚಿಕ್ಕಮ್ಮ ಅದನ್ನು ತೆಗೆದುಕೊಂಡು, ಒಲೆ ಆರಿಸಿ, ಪ್ಲಾಸ್ಟಿಕ್ ಕ್ಯಾನಿನಲ್ಲಿ ನೀರು ತುಂಬಿ ಗೇಟಿನತ್ತ ಹೋದರು.

ಇಲ್ಲಿಂದ ಮುಂದಿನದು ಅವರು ಅಮ್ಮನಿಗೆ ಹೇಳಿದ್ದು.

"ಏಳು," ಎಂದರಂತೆ ಚಿಕ್ಕಪ್ಪನಿಗೆ.

"ಎಲ್ಲಿಗೆ?"

"ನಿಮ್ಮಮ್ಮನ ಹತ್ರ."

ಊರ ಗೋರಿಗಳಿರುವುದು ಗುಡ್ಡದ ಅರ್ಧದಲ್ಲಿ, ಸೈಪ್ರೆಸ್ ಮರಗಳ ನಡುವೆ. ದಾರಿಯಲ್ಲಿ ಚಿಕ್ಕಪ್ಪ ಗೋರಿಯ ಮೇಲಿಡಲು ಮರ್ಟಲ್ ಗಿಡದ ಎರಡು ಕೊಂಬೆ ಮುರಿದುಕೊಂಡರು. ದುದು ಅಜ್ಜಿಯ ಕಲ್ಲಿನ ಮೇಲೆ ಹಳೆಯ ಕೊಂಬೆ ಒಣಗಿತ್ತು. ಅದನ್ನು ತೆಗೆದು ಹೊಸದಿಟ್ಟು, ಇಬ್ಬರೂ ಅಂಗೈ ಮೇಲೆ ಮಾಡಿ ಪ್ರಾರ್ಥನೆ ಹೇಳಿಕೊಂಡರು. ಮುಗಿದ ಮೇಲೆ ಚಿಕ್ಕಮ್ಮ ಕಾಗದ ತೆಗೆದು ಎರಡನೇ ಹಾಳೆಯ ಆ ಸಾಲಿನ ಮೇಲೆ ಬೆರಳಿಟ್ಟರು.

"ಇದು ನಿನಗೆ ಓದೋಕೆ ಬರಲ್ಲ, ಸರಿ. ಏನಿದೆ ಅಂತ ಈಗ ಗೊತ್ತಲ್ಲ. ಹೇಳು."

ಚಿಕ್ಕಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕಲ್ಲಿನ ಕಡೆ ಬಾಗಿ ಏನೋ ಹೇಳಿದರು.

"ಹೇಳ್ದೆಯಾ?"

"ಹೇಳ್ದೆ."

"ನನಗೆ ಕೇಳಿಸ್ಲಿಲ್ಲ."

"ನಿನಗಲ್ವಲ್ಲ ಹೇಳಿದ್ದು."

ಚಿಕ್ಕಮ್ಮನಿಗೆ ಅಲ್ಲಿ ನಗು ಬಂತಂತೆ. ಗೋರಿಯ ಮುಂದೆ ನಗಬಾರದೆಂದು ತಲೆವಸ್ತ್ರವನ್ನು ಬಾಯಿಗೆ ಹಿಡಿದರೂ ನಿಲ್ಲಲಿಲ್ಲವಂತೆ. "ಅವರ ಮುಂದೆ ಹನ್ನೆರಡು ವರ್ಷದಲ್ಲಿ ಒಂದು ಸಲನೂ ನಕ್ಕಿರಲಿಲ್ಲ ಕಣೇ," ಎಂದರು ಅಮ್ಮನಿಗೆ. "ಇನ್ನೊಂದು ಸಲ ಹೇಳು ಅಂದೆ. ಜೋರಾಗಿ."

ಚಿಕ್ಕಪ್ಪ ಅತ್ತಿತ್ತ ನೋಡಿದರು. ಯಾರೂ ಇರಲಿಲ್ಲ. ಸೈನ್ಯದಲ್ಲಿ ಹಾಜರಿ ಹೇಳುವವರಂತೆ ನೆಟ್ಟಗೆ ನಿಂತರು.

"ಅಮ್ಮಾ," ಎಂದರು, "ಸೆಹೆರ್‌ಗೆ ಎಡಗಿವಿ ಕೇಳಿಸಲ್ಲ. ನೀನು ಕರೆದಾಗ ಅವಳು ಬರದೇ ಇದ್ದದ್ದು ಸೊಕ್ಕಿಗಲ್ಲ. ಇದನ್ನ ನಿನಗೆ ಮದುವೆಗೆ ಮುಂಚೆ ಹೇಳಬೇಕಿತ್ತು. ತಡವಾಯ್ತು. ತಪ್ಪು ನಂದು."

"ಅರ್ಧ ನಿಂದು," ಎಂದರು ಚಿಕ್ಕಮ್ಮ. "ನನಗೂ ಬಾಯಿತ್ತು."

ಆಮೇಲೆ ಕ್ಯಾನಿನ ನೀರನ್ನು ತಲೆಯ ಕಡೆಯಿಂದ ಕಾಲಿನ ಕಡೆಗೆ ನಿಧಾನವಾಗಿ ಸುರಿದರು. ಅಜ್ಜಿಗೆ ಬಿಸಿಲು ಆಗುತ್ತಿರಲಿಲ್ಲ, ಬೇಸಿಗೆಯಲ್ಲಿ ನೆಲಕ್ಕೆಲ್ಲ ನೀರು ಚಿಮುಕಿಸಿಕೊಂಡು ಕೂರುತ್ತಿದ್ದರು ಎಂದು ನೆನಪಾಗಿ, ಚಿಕ್ಕಪ್ಪನನ್ನು ಕಟ್ಟೆಗೆ ಕಳಿಸಿ ಇನ್ನೊಂದು ಕ್ಯಾನ್ ತರಿಸಿ ಅದನ್ನೂ ಸುರಿದರಂತೆ.